ಜರ್ಮನ್ ಪಾತ್ರೆ ಮತ್ತು ನವಲಗುಂದದ ಜಮಖಾನೆ

ನಮ್ಮ ಕಡೆ ಅಲ್ಯುಮಿನಿಯಮ್ ಪಾತ್ರೆಗೆ ಜರ್ಮನ್ ಎನ್ನುತ್ತಾರೆ. ತಾಮ್ರ, ಹಿತ್ತಾಳೆಗಿರುವ ಮರ್ಯಾದೆ ಅದಕ್ಕಿಲ್ಲ. ಬೀಗರು ಬಂದಾಗ ಅದು ಅಡುಗೆಮನೆಯ ಒಳಗೇ ಉಳಿಯುತ್ತದೆ. ಆದರೆ 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುದಿಗೆ ಕೂಡಿಸಿದ್ದು ಇದೇ ಲೋಹ. ಆಗ ಅದರ ಬೆಲೆ ಹೆಚ್ಚುಕಡಿಮೆ ಬೆಳ್ಳಿಯಷ್ಟೇ ಇತ್ತು. 1886ರಲ್ಲಿ ಹಾಲ್ ಮತ್ತು ಹೆರೂ ಎಂಬ ಇಬ್ಬರು, ಒಬ್ಬರಿಗೊಬ್ಬರು ತಿಳಿಯದೆಯೇ, ವಿದ್ಯುತ್ತಿನಿಂದ ಅದನ್ನು ತೆಗೆಯುವ ದಾರಿ ಕಂಡುಕೊಂಡರು. ಬೆಲೆ ಬಿತ್ತು, ಬೆಲೆಯ ಜೊತೆ ಮರ್ಯಾದೆಯೂ. ಗುಣ ಮಾತ್ರ ಹಾಗೇ ಉಳಿಯಿತು. ಜ್ಯೂರಿಕ್‌ನ 1939ರ ಪ್ರದರ್ಶನಕ್ಕೆ ಹಾನ್ಸ್ ಕೋರೆ ರೂಪಿಸಿದ ಕುರ್ಚಿ ಅದಕ್ಕೆ ಸಾಕ್ಷಿ: ಮೈತುಂಬ ತೂತು, ಮಳೆನೀರು ನಿಲ್ಲದು, ಒಂದೇ ಕೈಯಲ್ಲಿ ಎತ್ತಬಹುದು. ನಮ್ಮ ಕರಕುಶಲ ವಸ್ತುಗಳನ್ನು ಪ್ರದರ್ಶನಕ್ಕೆ ಇಡಲು ಈ ಬಡ ಲೋಹವೇ ತಕ್ಕದ್ದು ಎಂಬುದು ನನ್ನ ವಾದ.

ನವಲಗುಂದದ ಹತ್ತಿ ಜಮಖಾನೆಯನ್ನೇ ತೆಗೆದುಕೊಳ್ಳಿ. ಎರಡು ಮೂಲೆಗೆ ಮೊಳೆ ಹೊಡೆದು ನೇತುಹಾಕಿದರೆ ಇಡೀ ಭಾರ ಅಲ್ಲಿಗೇ ಬಿದ್ದು ನೂಲು ಜಗ್ಗುತ್ತದೆ. ಮಳೆಗಾಲದಲ್ಲಿ ಮೊಳೆಯ ತುಕ್ಕು ಹತ್ತಿಗೆ ಕಲೆಯಾಗಿ ಅಂಟುತ್ತದೆ. ಬದಲಿಗೆ, ಲಂಗಕ್ಕೆ ಲಾಡಿ ಪೋಣಿಸಲು ಮಡಚಿ ಹೊಲಿಯುವಂತೆ, ಮೇಲಂಚಿನ ಉದ್ದಕ್ಕೂ ತೊಳೆದ ಮಂಜರಪಾಟದ ಪಟ್ಟಿ ಹೊಲಿದು, ಅದರೊಳಗೆ ಅಲ್ಯುಮಿನಿಯಮ್ ಪೈಪು ತೂರಿಸಿದರೆ ಭಾರ ಅಂಚಿನುದ್ದಕ್ಕೂ ಹಂಚಿಹೋಗುತ್ತದೆ. ಗಾಳಿ ತಾಗಿದೊಡನೆ ಈ ಲೋಹದ ಮೈಮೇಲೆ ಆಕ್ಸೈಡಿನ ತೆಳು ಪದರ ಕಟ್ಟಿ ಒಳಗಿನದನ್ನು ಕಾಯುತ್ತದೆ. ತೂಕವೋ, ಕಬ್ಬಿಣದ ಮೂರರಲ್ಲಿ ಒಂದು ಪಾಲು.

ಕಲಘಟಗಿಯ ಬಣ್ಣದ ತೊಟ್ಟಿಲಿನ ನಾಡಿನಲ್ಲಿ ಕಟ್ಟಿಗೆಯ ಚೌಕಟ್ಟೇ ಶೋಭೆ ಎನ್ನುವವರಿದ್ದಾರೆ. ಕಣ್ಣಿಗೆ ಅದು ನಿಜ. ಆದರೆ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಹಸಿ ಹಲಗೆ, ಪ್ಲೈವುಡ್ ಬಿಡುವ ಆಮ್ಲದ ಹಬೆ ವರ್ಷಗಟ್ಟಲೆ ನೂಲನ್ನೂ ಸೀಸದಂಥ ಲೋಹವನ್ನೂ ತಿನ್ನುತ್ತದೆ. ಕಟ್ಟಿಗೆಯ ಕಾಲು ಹತ್ತಿದ ಗೆದ್ದಲಿಗೆ ತೊಟ್ಟಿಲು ದೂರವಲ್ಲ. ಇನ್ನೊಂದು ಆಕ್ಷೇಪಣೆ ಹೆಚ್ಚು ತೂಕದ್ದು: ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆ ಬಾಕ್ಸೈಟಿನಿಂದ ಅಲ್ಯುಮಿನಾ ಮಾಡುತ್ತದೆ, ಅದನ್ನು ಲೋಹವಾಗಿಸಲು ಕಿಲೋಗೆ ಸುಮಾರು 14 ಯೂನಿಟ್ ವಿದ್ಯುತ್ ಬೇಕು. ಒಪ್ಪಬೇಕಾದ ಮಾತೇ. ಆದರೆ ಹಳೆಯದನ್ನು ಕರಗಿಸಲು ಅದರ ಶೇಕಡ 5ರಷ್ಟು ಶಕ್ತಿ ಸಾಕು, ಗುಜರಿಯವನು ಜರ್ಮನ್ ಪಾತ್ರೆಗೆ ದುಡ್ಡು ಕೊಡುವುದೂ ಅದಕ್ಕೇ. ಆದ್ದರಿಂದ ಕರಗಿಸಿದ ಲೋಹ ಕೊಳ್ಳೋಣ. ಜಾತ್ರೆಯಿಂದ ಶಾಲೆಗೆ, ಶಾಲೆಯಿಂದ ಮ್ಯೂಸಿಯಮ್ಮಿಗೆ ಒಯ್ಯುವಂತೆ ಸ್ಕ್ರೂ ಹಾಕಿ ಜೋಡಿಸೋಣ. ನೋಡುವವರ ಕಣ್ಣಿಗೆ ಜಮಖಾನೆಯ ನವಿಲು ಬೀಳಲಿ. ಜರ್ಮನ್ ಇಲ್ಲಿಯೂ ಒಳಗೇ ಉಳಿಯಲಿ, ಈ ಸಲ ಭಾರ ಹೊರುವ ಕೆಲಸಕ್ಕೆ.