ಪ್ರಾಕ್ಸಿ ಎಂಬ ಮಧ್ಯವರ್ತಿ: ಜೋಡಣೆ, ದೋಷ ಪತ್ತೆ, ಎಚ್ಚರ

(ಹಾನಗಲ್, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳ ವಿದ್ಯಾರ್ಥಿಗಳು ಮತ್ತು ರೈತರ ಮುಂದೆ ಹಾನಗಲ್ಲಿನಲ್ಲಿ ಮಾಡಿದ ಭಾಷಣದ ಬರಹರೂಪ)



ಮಣ್ಣು, ನೀರು, ಬೆಳೆಗಳ ವಿಷಯ ಮಾತನಾಡಬೇಕಾದ ಕೃಷಿ ವಿಜ್ಞಾನಿಯೊಬ್ಬ ಇಂದು ಮೊಬೈಲು ಮತ್ತು ಗಣಕಯಂತ್ರಗಳ ವಿಷಯ ಎತ್ತಿಕೊಂಡಿರುವುದು ನಿಮ್ಮಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ಇದಕ್ಕೆ ಕಾರಣ ನನ್ನ ಬಳಿಗೆ ಬರುವ ವಿದ್ಯಾರ್ಥಿಗಳು ಮೇಲಿಂದ ಮೇಲೆ ಕೇಳುವ ಒಂದು ಪ್ರಶ್ನೆ: “ಸರ್, ಕಾಲೇಜಿನಲ್ಲಿ ತೆರೆಯುವ ಸಂಶೋಧನಾ ಲೇಖನ ನಮ್ಮ ಊರಿನಲ್ಲಿ ಏಕೆ ತೆರೆಯುವುದಿಲ್ಲ?” ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದಾಗ ಅವರು ಕಂಡುಕೊಳ್ಳುವ ಅಡ್ಡದಾರಿಗಳು ನನ್ನನ್ನು ಚಿಂತೆಗೀಡು ಮಾಡಿವೆ. ಆದ್ದರಿಂದಲೇ ಈ ಮಾತು.

ನಮ್ಮ ಸೀಮೆಯವರಿಗೆ ಸಂಶೋಧನಾ ಲೇಖನಗಳು ಏಕೆ ಬೇಕು ಎಂಬುದನ್ನು ಮೊದಲು ನೋಡೋಣ. ಕರ್ನಾಟಕದ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ಹಾನಗಲ್ ಗುಡ್ಡಗಾಡು ವಲಯಕ್ಕೆ ಸೇರಿದೆ. ಅದಕ್ಕೆ ಹೊಂದಿಕೊಂಡಂತಿರುವ ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು ಉತ್ತರ ಪರಿವರ್ತನಾ ವಲಯಕ್ಕೆ ಸೇರಿವೆ. ಒಂದು ಗಂಟೆಯ ಬಸ್ಸಿನ ಪ್ರಯಾಣದಲ್ಲಿ ಮಳೆ ಬದಲಾಗುತ್ತದೆ, ಮಣ್ಣು ಬದಲಾಗುತ್ತದೆ. ಒಂದು ಊರಿಗೆ ಒಪ್ಪಿದ ಸಲಹೆ ಇನ್ನೊಂದಕ್ಕೆ ಒಪ್ಪುವುದಿಲ್ಲ. ಇಂಥ ಗಡಿನೆಲದಲ್ಲಿ ಓದುವ ವಿದ್ಯಾರ್ಥಿಗೆ ಬೇರೆಯವರ ಪ್ರಯೋಗಗಳ ಫಲಿತಾಂಶ ಅತ್ಯಗತ್ಯ. ಸವಣೂರಿನ ಮಠದ ಆವರಣದಲ್ಲಿರುವ ದೊಡ್ಡ ಹುಣಸೆ ಮರಗಳನ್ನೇ ತೆಗೆದುಕೊಳ್ಳಿ. ಅವು ಆಫ್ರಿಕಾ ಮೂಲದ ಬೇವೊಬಾಬ್ ಜಾತಿಯವು. 2023ರ ಮಳೆಗಾಲದಲ್ಲಿ ಅವುಗಳಲ್ಲಿ ಒಂದು ಬುಡಸಮೇತ ಉರುಳಿತು. ಇಂಥ ಮರದ ಬೇರು ಹೇಗೆ ಹರಡುತ್ತದೆ, ಕಾಂಡದಲ್ಲಿ ನೀರು ಹೇಗೆ ನಿಲ್ಲುತ್ತದೆ ಎಂದು ತಿಳಿಯಬಯಸುವ ನಮ್ಮ ಹುಡುಗಿಯೊಬ್ಬಳು ಆಫ್ರಿಕಾದ ಅಧ್ಯಯನಗಳನ್ನು ಓದಲೇಬೇಕು. ಅವುಗಳಲ್ಲಿ ಹಲವು ಹಣ ತೆತ್ತು ಓದಬೇಕಾದ ನಿಯತಕಾಲಿಕಗಳಲ್ಲಿವೆ.

ಈ ಹಣವನ್ನು ನಮ್ಮ ಪರವಾಗಿ ಸಂಸ್ಥೆಗಳು ತೆರುತ್ತವೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2007ರಲ್ಲಿ ‘ಸೆರಾ’ ಎಂಬ ಒಕ್ಕೂಟವನ್ನು ಸ್ಥಾಪಿಸಿ ಕೃಷಿ ವಿಶ್ವವಿದ್ಯಾಲಯಗಳಿಗೆ ನಿಯತಕಾಲಿಕಗಳನ್ನು ಒದಗಿಸತೊಡಗಿತು. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ನೀಡಿತು. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ನಿಯತಕಾಲಿಕಗಳು; ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ ಇದು 2025ರ ಜನವರಿಯಿಂದ ಜಾರಿಗೆ ಬಂದಿತು. ಇದು ಸಾರ್ವಜನಿಕರ ಹಣ. ಎಂದರೆ ನಮ್ಮ ನಿಮ್ಮೆಲ್ಲರ ಹಣ.

ಆದರೆ ಪ್ರಕಾಶಕರ ಗಣಕವು ಓದುಗರನ್ನು ಮುಖ ನೋಡಿ ಗುರುತಿಸುವುದಿಲ್ಲ. ಅಂತರಜಾಲಕ್ಕೆ ಸೇರಿದ ಪ್ರತಿಯೊಂದು ಸಂಪರ್ಕಕ್ಕೂ ಐಪಿ ವಿಳಾಸವೆಂಬ ಸಂಖ್ಯೆ ಇರುತ್ತದೆ. ಕಾಲೇಜಿನ ವಿಳಾಸದಿಂದ ಬಂದವರಿಗೆ ಬಾಗಿಲು ತೆರೆಯುತ್ತದೆ. ಹಿರೇಕೆರೂರಿನ ಹಳ್ಳಿಯಿಂದ ಮೊಬೈಲ್ ಗೋಪುರದ ಮೂಲಕ ಅದೇ ವಿದ್ಯಾರ್ಥಿ ಬಂದರೆ ವಿಳಾಸ ಬೇರೆಯಾಗಿರುವುದರಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. 2020ರ ಲಾಕ್‌ಡೌನ್ ಕಾಲದಲ್ಲಿ ಊರಿಗೆ ಮರಳಿದ ವಿದ್ಯಾರ್ಥಿಗಳಿಗೆ ಈ ಮುಚ್ಚಿದ ಬಾಗಿಲಿನ ಬಿಸಿ ಚೆನ್ನಾಗಿ ತಟ್ಟಿತು.

ಇಲ್ಲಿಗೆ ಪ್ರಾಕ್ಸಿ ಬರುತ್ತದೆ. ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುವ ರೈತರಿಗೆ ಇದನ್ನು ವಿವರಿಸುವುದು ಸುಲಭ. ದಲಾಲಿ ಅಂಗಡಿಯವರು ನಿಮ್ಮ ಪರವಾಗಿ ವ್ಯಾಪಾರ ನಡೆಸುತ್ತಾರೆ; ಖರೀದಿದಾರನು ವ್ಯವಹರಿಸುವುದು ಅಂಗಡಿಯೊಂದಿಗೆ. ಹಾಗೆಯೇ ಪ್ರಾಕ್ಸಿ ಎಂಬ ಗಣಕವು ನಿಮ್ಮ ಕೋರಿಕೆಯನ್ನು ತಾನು ಪಡೆದು, ತನ್ನ ವಿಳಾಸದಿಂದ ಮುಂದಕ್ಕೆ ಕಳುಹಿಸಿ, ಬಂದ ಉತ್ತರವನ್ನು ನಿಮಗೆ ತಲುಪಿಸುತ್ತದೆ. ಅದು ಕಾಲೇಜಿನ ಪ್ರಾಕ್ಸಿಯಾಗಿದ್ದರೆ ಪ್ರಕಾಶಕರಿಗೆ ಕಾಣುವುದು ಕಾಲೇಜಿನ ವಿಳಾಸವೇ.

ಇದರಲ್ಲಿ ಮೂರು ಬಗೆಗಳಿವೆ. ಮೊದಲನೆಯದರಲ್ಲಿ ಗ್ರಂಥಾಲಯದ ಪುಟಕ್ಕೆ ಹೋಗಿ ಹೆಸರು, ಗುಪ್ತಪದ ನೀಡಿದರೆ ಸಾಕು. ಯಂತ್ರದಲ್ಲಿ ಏನನ್ನೂ ಬದಲಿಸಬೇಕಿಲ್ಲ. ಎರಡನೆಯದರಲ್ಲಿ ಪ್ರಾಕ್ಸಿಯ ವಿಳಾಸ ಮತ್ತು ಪೋರ್ಟ್ ಸಂಖ್ಯೆಯನ್ನು ಯಂತ್ರದಲ್ಲಿ ನಾವೇ ತುಂಬಬೇಕು. ಮೂರನೆಯದು ವಿಪಿಎನ್, ಇದು ನಮ್ಮ ಯಂತ್ರದಿಂದ ಕಾಲೇಜಿನವರೆಗೆ ಮುಚ್ಚಿದ ಕೊಳವೆ ಹಾಕಿದಂತೆ. ನಿಮ್ಮ ಸಂಸ್ಥೆಯಲ್ಲಿರುವುದು ಯಾವ ಬಗೆ ಎಂಬುದನ್ನು ಗ್ರಂಥಪಾಲಕರಿಂದ ಕೇಳಿ, ಬರೆದುಕೊಳ್ಳಿ. ಅರ್ಧ ತೊಂದರೆ ಅಲ್ಲಿಯೇ ಬಗೆಹರಿಯುತ್ತದೆ.

ಇನ್ನು ಜೋಡಣೆಯ ವಿಷಯ. ಆಂಡ್ರಾಯ್ಡ್ ಫೋನಿನಲ್ಲಿ ವೈ-ಫೈ ಹೆಸರಿನ ಮುಂದಿನ ಆಯ್ಕೆಗಳೊಳಗೆ ‘ಪ್ರಾಕ್ಸಿ’ ಎಂಬುದಿರುತ್ತದೆ. ಅಲ್ಲಿ ‘ಮ್ಯಾನ್ಯುವಲ್’ ಆರಿಸಿ ವಿಳಾಸ ಮತ್ತು ಪೋರ್ಟ್ ತುಂಬಬೇಕು. ಎರಡು ಸಂಗತಿ ನೆನಪಿರಲಿ. ಈ ಸೆಟ್ಟಿಂಗ್ ಆ ಒಂದು ವೈ-ಫೈಗೆ ಮಾತ್ರ ಅನ್ವಯಿಸುತ್ತದೆ, ಮೊಬೈಲ್ ಡೇಟಾಕ್ಕೆ ಅಲ್ಲ. ಅಲ್ಲದೆ ಬ್ರೌಸರ್ ಇದನ್ನು ಪಾಲಿಸಿದರೂ ಬೇರೆ ಆ್ಯಪ್‌ಗಳು ಪಾಲಿಸಬೇಕೆಂದೇನೂ ಇಲ್ಲ. ಐಫೋನಿನಲ್ಲಿಯೂ ವೈ-ಫೈ ಹೆಸರಿನ ಪಕ್ಕದ ಗುರುತನ್ನು ಒತ್ತಿದರೆ ಕೊನೆಯಲ್ಲಿ ಇದೇ ಆಯ್ಕೆ ಸಿಗುತ್ತದೆ. ವಿಂಡೋಸ್ ಗಣಕದಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಪ್ರಾಕ್ಸಿ ಎಂಬ ಕ್ರಮದಲ್ಲಿ ಹೋಗಬೇಕು. ಕ್ರೋಮ್ ಈ ಸೆಟ್ಟಿಂಗನ್ನೇ ಬಳಸುತ್ತದೆ. ಫೈರ್‌ಫಾಕ್ಸ್‌ನಲ್ಲಿ ಪ್ರತ್ಯೇಕವಾಗಿಯೂ ತುಂಬಬಹುದು. ಹಳೆಯ ಗಣಕಗಳಿಗೆ ಲಿನಕ್ಸ್ ಹಾಕಿಕೊಂಡಿರುವವರು, ಟರ್ಮಿನಲ್ಲಿನ ತಂತ್ರಾಂಶಗಳಿಗೆ ಪ್ರಾಕ್ಸಿಯನ್ನು ಬೇರೆಯಾಗಿ ತಿಳಿಸಬೇಕಾಗಬಹುದು ಎಂಬುದನ್ನು ಮರೆಯಬಾರದು. ಪೋರ್ಟ್ ಸಂಖ್ಯೆ ಸಾಮಾನ್ಯವಾಗಿ 8080 ಅಥವಾ 3128 ಇರುತ್ತದೆ. ಆದರೂ ಊಹಿಸಿ ತುಂಬಬೇಡಿ, ಕೇಳಿ ತುಂಬಿ.

ಈಗ ದೋಷ ಪತ್ತೆ. ನನ್ನದೇ ಪೇಚಿನ ಕಥೆಯೊಂದನ್ನು ಹೇಳುತ್ತೇನೆ. ಒಮ್ಮೆ ಕೆಲಸದ ಸ್ಥಳದಲ್ಲಿ ಪ್ರಾಕ್ಸಿ ಜೋಡಿಸಿಕೊಂಡ ಲ್ಯಾಪ್‌ಟಾಪನ್ನು ಹಾಗೆಯೇ ಮನೆಗೆ ತಂದೆ. ಒಂದು ಪುಟವೂ ತೆರೆಯಲಿಲ್ಲ. ಆಷಾಢದ ಗಾಳಿಗೆ ಕೇಬಲ್ ಕಡಿದಿರಬೇಕೆಂದು ಎರಡು ದಿನ ಎಲ್ಲರನ್ನೂ ಬೈದೆ. ಲೈನಿನ ಹುಡುಗ ಮಳೆಯಲ್ಲಿ ನೆನೆದುಕೊಂಡು ಬಂದು, ತನ್ನ ಫೋನಿನಲ್ಲಿ ಅದೇ ಸಂಪರ್ಕ ಸರಿಯಾಗಿ ನಡೆಯುತ್ತಿರುವುದನ್ನು ತೋರಿಸಿದ. ತಪ್ಪು ನನ್ನ ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಹಳೆಯ ಪ್ರಾಕ್ಸಿಯದಾಗಿತ್ತು. ಡಾಕ್ಟರೇಟ್ ಪಡೆದವನಿಗೆ ಆ ಹುಡುಗ ಪ್ರಯೋಗದ ಮೊದಲ ಪಾಠ ನೆನಪಿಸಿದ: ಹೋಲಿಕೆಯ ತಾಕು ಇಲ್ಲದೆ ತೀರ್ಮಾನಕ್ಕೆ ಬರಬೇಡ.

ಕೆರೆಯ ನೀರು ಹೊಲಕ್ಕೆ ಬಾರದಿದ್ದಾಗ ಹಾನಗಲ್ಲಿನ ರೈತರು ಏನು ಮಾಡುತ್ತಾರೆ? ಕೆರೆಯಲ್ಲಿ ನೀರಿದೆಯೇ, ತೂಬು ತೆರೆದಿದೆಯೇ, ಕಾಲುವೆ ಎಲ್ಲಿಯಾದರೂ ಒಡೆದಿದೆಯೇ, ಕೊನೆಗೆ ನಮ್ಮ ಹೊಲದ ಬದುವಿನ ಬಾಯಿ ಮುಚ್ಚಿದೆಯೇ ಎಂದು ಕ್ರಮವಾಗಿ ನೋಡುತ್ತಾರೆ. ಇಲ್ಲಿಯೂ ಅದೇ ಕ್ರಮ, ಒಂದು ಸಲಕ್ಕೆ ಒಂದೇ ಬದಲಾವಣೆ.

ಒಂದು: ಪ್ರಾಕ್ಸಿ ತೆಗೆದು ಯಾವುದಾದರೂ ಸಾಮಾನ್ಯ ಪುಟ ತೆರೆಯಿರಿ. ತೆರೆಯದಿದ್ದರೆ ದೋಷ ಸಂಪರ್ಕದ್ದು, ಪ್ರಾಕ್ಸಿಯದಲ್ಲ.

ಎರಡು: ಯಂತ್ರದ ದಿನಾಂಕ ಮತ್ತು ಸಮಯ ನೋಡಿ. ಬ್ಯಾಟರಿ ಸತ್ತ ಹಳೆಯ ಗಣಕವು ತಪ್ಪು ವರ್ಷ ತೋರಿಸುತ್ತಿದ್ದರೆ ಸುರಕ್ಷಿತ ಪುಟಗಳು ತೆರೆಯುವುದಿಲ್ಲ.

ಮೂರು: ವಿಳಾಸವನ್ನು ಅಕ್ಷರಶಃ ತಾಳೆ ನೋಡಿ. ಹಿಂದೆ ಮುಂದೆ ಸೇರಿಕೊಂಡ ಖಾಲಿ ಜಾಗವೂ ಕೆಲಸ ಕೆಡಿಸುತ್ತದೆ. ವಿಳಾಸ 10 ಅಥವಾ 192.168 ಎಂದು ಆರಂಭವಾಗುವುದಾದರೆ ಅದು ಸಾಮಾನ್ಯವಾಗಿ ಆವರಣದೊಳಗಿನ ವಿಳಾಸ. ಮನೆಯಿಂದ ಅದನ್ನು ಮುಟ್ಟಲು ವಿಪಿಎನ್ ಬೇಕು.

ನಾಲ್ಕು: ಪರದೆಯ ಮೇಲಿನ ಸಂಖ್ಯೆಯನ್ನು ಓದಿ. 407 ಎಂದರೆ ಪ್ರಾಕ್ಸಿ ನಿಮ್ಮ ಹೆಸರು, ಗುಪ್ತಪದ ಕೇಳುತ್ತಿದೆ. 403 ಎಂದರೆ ಕೋರಿಕೆ ತಲುಪಿದೆ, ಅನುಮತಿ ಇಲ್ಲ. 504 ಎಂದರೆ ಮಧ್ಯವರ್ತಿ ಕಾದರೂ ಆಚೆಯಿಂದ ಉತ್ತರ ಬಂದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಿ.

ಐದು: ಫೋನಿನಲ್ಲಿ ಎರಡು ವಿಪಿಎನ್ ಇದ್ದರೆ ಒಂದನ್ನು ತೆಗೆಯಿರಿ, ಆಂಡ್ರಾಯ್ಡ್ ಏಕಕಾಲಕ್ಕೆ ಒಂದನ್ನೇ ನಡೆಸುತ್ತದೆ. ಪರದೆ ಆರಿದೊಡನೆ ಸಂಪರ್ಕ ಕಡಿದರೆ ಬ್ಯಾಟರಿ ಉಳಿತಾಯದ ಸೆಟ್ಟಿಂಗನ್ನು ಸಂಶಯಿಸಿ.

ಆರು: ನಿಮ್ಮ ಐಪಿ ವಿಳಾಸ ತೋರಿಸುವ ಪುಟವನ್ನು ಪ್ರಾಕ್ಸಿ ಇಟ್ಟು ಒಮ್ಮೆ, ತೆಗೆದು ಒಮ್ಮೆ ನೋಡಿ. ಯಂತ್ರದಲ್ಲಿ ತುಂಬುವ ಪ್ರಾಕ್ಸಿಯಾದರೆ ಎರಡೂ ಬಾರಿ ಒಂದೇ ಸಂಖ್ಯೆ ಬರಬಾರದು; ಬಂದರೆ ನಿಮ್ಮ ಕೋರಿಕೆ ಅದರ ಮೂಲಕ ಹೋಗುತ್ತಿಲ್ಲ. ಕೆಲವು ವಿಪಿಎನ್‌ಗಳು ಗ್ರಂಥಾಲಯದ ತಾಣಗಳನ್ನು ಮಾತ್ರ ಒಯ್ಯುವಂತೆ ಜೋಡಿಸಿರುತ್ತವೆ, ಅಲ್ಲಿ ಈ ಪರೀಕ್ಷೆ ಸಲ್ಲದು.

ಕೆಲಸ ಮುಗಿದ ಮೇಲೆ ಪ್ರಾಕ್ಸಿಯನ್ನು ತೆಗೆದುಬಿಡಿ. ನೀರು ಹಾಯಿಸಿ ಮಡೆ ಮುಚ್ಚುವ ಅಭ್ಯಾಸ ನಮ್ಮ ಹಿರಿಯರದು.

ಬಂಧುಗಳೇ, ಈ ಆರು ಹೆಜ್ಜೆಗಳನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಅವಘಡ ಸಂಭವಿಸುವುದು ದೋಷದ ಗಳಿಗೆಯಲ್ಲಿ. ನಾಳೆ ಪ್ರಬಂಧ ಒಪ್ಪಿಸಬೇಕು, ಪುಟ ತೆರೆಯುತ್ತಿಲ್ಲ, ಗೆಳೆಯನೊಬ್ಬ “ಇದನ್ನು ಹಾಕಿಕೋ, ಪುಕ್ಕಟೆ” ಎಂದು ಯಾವುದೋ ಆ್ಯಪ್ ಕಳುಹಿಸುತ್ತಾನೆ. ಅದರಿಂದ ಲೇಖನ ತೆರೆಯುವುದಿಲ್ಲ, ಏಕೆಂದರೆ ಆ ಪ್ರಾಕ್ಸಿ ಕಾಲೇಜಿನದಲ್ಲ. ಆದರೆ ಅಂದಿನಿಂದ ನಿಮ್ಮ ಫೋನಿನ ವ್ಯವಹಾರವೆಲ್ಲ ಹೆಸರು ಗೊತ್ತಿಲ್ಲದವನ ಅಂಗಡಿಯ ಮೂಲಕ ಸಾಗುತ್ತದೆ. ಊರಿನ ದಲಾಲಿ ಅಂಗಡಿಗೆ ಬಾಗಿಲಿದೆ, ಬೋರ್ಡಿದೆ, ಲೆಕ್ಕ ಕೇಳಲು ಮನುಷ್ಯನಿದ್ದಾನೆ. ಪುಕ್ಕಟೆಯಾಗಿ ದುಡಿಯುವ ಈ ಮಧ್ಯವರ್ತಿಯ ಕಮಿಷನ್ ಎಲ್ಲಿಂದ ಬರುತ್ತದೆ?

ಇದಕ್ಕೆ ಉತ್ತರ ದಾಖಲಾಗಿದೆ. ‘ಹೋಲಾ’ ಎಂಬ ಪುಕ್ಕಟೆ ಸೇವೆಯು ತನ್ನ ಬಳಕೆದಾರರ ಯಂತ್ರಗಳನ್ನೇ ಪರರ ವ್ಯವಹಾರದ ದಾರಿಯಾಗಿ ಮಾರುತ್ತಿದ್ದುದು 2015ರಲ್ಲಿ ಬಯಲಾಯಿತು. ಯಾರದೋ ಕೆಲಸ ನಿಮ್ಮ ವಿಳಾಸದಿಂದ ನಡೆದರೆ ಪ್ರಶ್ನೆ ಮೊದಲು ನಿಮ್ಮ ಮನೆಬಾಗಿಲಿಗೇ ಬರುತ್ತದೆ. ಫೇಸ್‌ಬುಕ್ ಕಂಪನಿ 2013ರಲ್ಲಿ ಕೊಂಡ ‘ಒನಾವೊ’ ಎಂಬ ವಿಪಿಎನ್, ರಕ್ಷಣೆಯ ಹೆಸರಿನಲ್ಲಿ ಜನರು ಬಳಸುವ ಆ್ಯಪ್‌ಗಳ ಮಾಹಿತಿ ಕಲೆಹಾಕುತ್ತಿತ್ತು. 2023ರಲ್ಲಿ ಆಸ್ಟ್ರೇಲಿಯದ ನ್ಯಾಯಾಲಯ ಇದಕ್ಕಾಗಿ 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ನಮ್ಮ ದೇಶದಲ್ಲಿಯೂ ವಿಪಿಎನ್ ಸೇವೆ ನೀಡುವವರು ಗ್ರಾಹಕರ ಹೆಸರು, ವಿಳಾಸಗಳನ್ನು ಐದು ವರ್ಷ ಕಾಯ್ದಿಡಬೇಕೆಂದು ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲಿನಲ್ಲಿ ಆದೇಶಿಸಿತು. ಆದ್ದರಿಂದ ‘ಪೂರ್ತಿ ಗುಪ್ತ’ ಎಂಬ ಜಾಹೀರಾತನ್ನು ನಂಬಬೇಡಿ.

ಮಧ್ಯವರ್ತಿಗೆ ಏನು ಕಾಣುತ್ತದೆ ಎಂಬುದನ್ನೂ ತಿಳಿದಿರಬೇಕು. ಸುರಕ್ಷಿತ ಪುಟವಾದರೆ ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಕಾಣುತ್ತದೆ, ಒಳಗೆ ಬರೆದದ್ದು ಕಾಣುವುದಿಲ್ಲ. ಮುಚ್ಚಿದ ಲಕೋಟೆಯ ಮೇಲಿನ ವಿಳಾಸದಂತೆ. ಆದರೆ ಆ್ಯಪ್ ಕೇಳಿತೆಂದು ಅಪರಿಚಿತ ‘ಸರ್ಟಿಫಿಕೇಟ್’ ಒಂದನ್ನು ಯಂತ್ರದಲ್ಲಿ ಸ್ಥಾಪಿಸಿದಿರಾದರೆ ಲಕೋಟೆ ಒಡೆದು ಓದಲು ನೀವೇ ಅಧಿಕಾರ ಕೊಟ್ಟಂತೆ. ಇದನ್ನು ಎಂದಿಗೂ ಮಾಡಬೇಡಿ.

ಹಿರಿಯರಿಗೆ, ತಾಯಂದಿರಿಗೆ ಒಂದು ಮಾತು. ನಿಮ್ಮ ಫೋನಿನ ಮೇಲ್ತುದಿಯಲ್ಲಿ ಸಣ್ಣ ಕೀಲಿಕೈ ಗುರುತು ಕಂಡರೆ ವಿಪಿಎನ್ ನಡೆಯುತ್ತಿದೆ ಎಂದರ್ಥ. ಅದನ್ನು ಹಾಕಿದವರು ಯಾರು, ಏಕೆ ಎಂದು ಮನೆಯ ಮಕ್ಕಳನ್ನು ಕೇಳಿ. ಉತ್ತರ ಸಿಗದಿದ್ದರೆ ತೆಗೆಸಿ. ಹಣ ಹೋಗಿದೆ ಎಂದು ತಿಳಿದೊಡನೆ 1930ಕ್ಕೆ ಕರೆ ಮಾಡಿ. ಸಂಕೋಚದಿಂದ ದಿನ ಕಳೆಯಬೇಡಿ.

ವಿದ್ಯಾರ್ಥಿಗಳಿಗೆ ಎರಡು ಮಾತು. ಪ್ರಾಕ್ಸಿಗೆ ಕೈಹಾಕುವ ಮುನ್ನ, ಬೇಕಾದದ್ದು ಮುಕ್ತವಾಗಿ ಸಿಗುತ್ತದೆಯೇ ನೋಡಿ. ‘ಶೋಧಗಂಗಾ’ ಹಾಗೂ ‘ಕೃಷಿಕೋಶ’ಗಳಲ್ಲಿ ಅಸಂಖ್ಯ ಪ್ರೌಢಪ್ರಬಂಧಗಳಿವೆ, ಅನುಸಂಧಾನ ಪರಿಷತ್ತಿನ ನಿಯತಕಾಲಿಕಗಳು ತೆರೆದಿವೆ. ಲೇಖಕರಿಗೇ ಪತ್ರ ಬರೆದರೆ ಹಲವರು ಪ್ರತಿ ಕಳುಹಿಸುತ್ತಾರೆ. ಎರಡನೆಯದು, ಕಾಲೇಜಿನ ಗುಪ್ತಪದವನ್ನು ಹಂಚಬೇಡಿ, ಇಡೀ ಸಂಪುಟಗಳನ್ನು ಒಮ್ಮೆಗೇ ಇಳಿಸಿಕೊಳ್ಳಬೇಡಿ. ಹಾಗೆ ಮಾಡಿದಾಗ ಪ್ರಕಾಶಕರು ಇಡೀ ಸಂಸ್ಥೆಯ ಪ್ರವೇಶವನ್ನೇ ತಡೆಯುವುದುಂಟು. ಒಬ್ಬನ ಆತುರಕ್ಕೆ ತೂಬು ಒಡೆದರೆ ಕೆಳಗಿನ ಹೊಲಗಳೆಲ್ಲ ಒಣಗುತ್ತವೆ.

ಕೆರೆಯನ್ನು ನಾವು ಹಂಚಿಕೊಂಡು ಬಳಸಿದ್ದೇವೆ, ಸರದಿಯಲ್ಲಿ ಕಾಯ್ದಿದ್ದೇವೆ. ಸಾರ್ವಜನಿಕ ಹಣದಿಂದ ಬಂದ ಈ ಜ್ಞಾನವೂ ಅಂಥದೇ ಒಂದು ಕೆರೆ. ಅದರ ನೀರು ನಮ್ಮ ಕೊನೆಯ ಹೊಲದವರೆಗೂ ಬರಲಿ. ಬರುವ ಕಾಲುವೆ ಯಾರದೆಂಬುದು ನಮಗೆ ಗೊತ್ತಿರಲಿ. ಇಂದು ಫೋನು, ಲ್ಯಾಪ್‌ಟಾಪು ತಂದಿರುವವರು ಇಲ್ಲಿಯೇ ಕುಳಿತು ತಮ್ಮ ಸೆಟ್ಟಿಂಗುಗಳನ್ನು ಒಮ್ಮೆ ಪರೀಕ್ಷಿಸೋಣ. ನಾನು ಸಂಜೆಯವರೆಗೆ ಇರುತ್ತೇನೆ.