ಐದು ಲಕ್ಷದ ಕಾರ್ಡು, ಐವತ್ತು ರೂಪಾಯಿಯ ಮಾತ್ರೆ

2025ರಲ್ಲಿ ದೆಹಲಿ ಫಲಿತಾಂಶ ಬಂತು. 70 ಸೀಟುಗಳಲ್ಲಿ ಬಿಜೆಪಿಗೆ 48, ಆಮ್ ಆದ್ಮಿ ಪಕ್ಷಕ್ಕೆ 22. ಯಾಕೆ ಗೆದ್ದರು, ಯಾಕೆ ಸೋತರು ಅನ್ನೋ ಲೆಕ್ಕಾಚಾರ ಅವತ್ತು ಬೆಳಗ್ಗೆಯಿಂದ ನಡೀತಾನೇ ಇತ್ತು. ನಾನು ಇವತ್ತು ಆ ಲೆಕ್ಕಕ್ಕೆ ಹೋಗೋದಿಲ್ಲ. ಆ ಚುನಾವಣೆಯ ಒಂದೇ ಒಂದು ವಿಷಯ ಎತ್ತಿಕೊಳ್ತೀನಿ. ಆಸ್ಪತ್ರೆ.

ಪ್ರಚಾರದಲ್ಲಿ ಕೇಜ್ರಿವಾಲ್ ಹೇಳಿದರು, 60 ದಾಟಿದವರಿಗೆಲ್ಲ ಉಚಿತ ಚಿಕಿತ್ಸೆ, ಹೆಸರು ಸಂಜೀವನಿ ಯೋಜನೆ. ಬಿಜೆಪಿ ಹೇಳಿತು, ದೆಹಲಿ ಸರ್ಕಾರ ಒಪ್ಪದೇ ಬಿಟ್ಟಿದ್ದ ಆಯುಷ್ಮಾನ್ ಭಾರತ್ ತರ್ತೀವಿ, ಕೇಂದ್ರದ 5 ಲಕ್ಷದ ಜೊತೆಗೆ ರಾಜ್ಯದ್ದು ಇನ್ನೊಂದು 5 ಲಕ್ಷ, ಒಟ್ಟು 10 ಲಕ್ಷ. ಅದಕ್ಕೂ ಮುಂಚೆ, 2024ರ ಲೋಕಸಭೆ ಚುನಾವಣೆಯಲ್ಲಿ, 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಅಂತ ಬಿಜೆಪಿ ಪ್ರಣಾಳಿಕೆಯಲ್ಲಿತ್ತು. 25 ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಅಂತ ಕಾಂಗ್ರೆಸ್ ಪ್ರಣಾಳಿಕೆಯಲ್ಲಿತ್ತು. ಆ 25 ಲಕ್ಷ ಬಂದಿದ್ದು ರಾಜಸ್ಥಾನದಿಂದ. ಅಲ್ಲಿ ಗೆಹ್ಲೋಟ್ ಸರ್ಕಾರದ ಚಿರಂಜೀವಿ ಯೋಜನೆ 2021ರಲ್ಲಿ 5 ಲಕ್ಷಕ್ಕೆ ಶುರುವಾಯಿತು. ಮುಂದಿನ ವರ್ಷ 10 ಲಕ್ಷ. 2023ರ ಬಜೆಟ್‌ನಲ್ಲಿ 25 ಲಕ್ಷ. ಅದೇ ವರ್ಷ ಚುನಾವಣೆ ಬಂದಾಗ, ಮತ್ತೆ ಗೆಲ್ಲಿಸಿದರೆ 50 ಲಕ್ಷ!

ಎಪಿಎಂಸಿ ಯಾರ್ಡ್‌ನಲ್ಲಿ ಹರಾಜು ಕೂಗ್ತಾರಲ್ಲ, ಹಾಗೆ. ಐದು, ಹತ್ತು, ಇಪ್ಪತ್ತೈದು, ಐವತ್ತು. ಯಾರಿಗಾಗಿ ಈ ಕೂಗು?

ಪಕ್ಷದ ಬಾವುಟ ಹಿಡಿದು ಓಡಾಡೋರಿಗಂತೂ ಅಲ್ಲ. ಅವರು ಹೇಗಿದ್ದರೂ ಹಾಕ್ತಾರೆ. ಇದು ಇನ್ನೂ ತೀರ್ಮಾನ ಮಾಡದೇ ಇರೋ ಮತದಾರನಿಗೆ. ಯಾರಿಗೆ ಹಾಕ್ತೀರಿ ಅಂತ ಕೇಳಿದರೆ 'ನೋಡೋಣ ಸಾರ್, ಇನ್ನೂ ಟೈಮ್ ಇದೆಯಲ್ಲ' ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತಾನಲ್ಲ, ಅವನಿಗೆ. ಜಾತಿ, ಧರ್ಮ, ಸಿದ್ಧಾಂತ ಯಾವುದಕ್ಕೂ ಪೂರ್ತಿ ಒಲಿಯದ ಇವನಿಗೂ ಒಂದು ಭಯ ಇದೆ. ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ಸೈಟು ಹೋಯ್ತು, ಒಡವೆ ಹೋಯ್ತು, ಮಗಳ ಮದುವೆಗಂತ ಇಟ್ಟ ದುಡ್ಡು ಹೋಯ್ತು. ನಾಯಕರಿಗೆ ಈ ಭಯ ಚೆನ್ನಾಗಿ ಗೊತ್ತು. ಹಾಗಾಗಿ ಅವರು ಮೂರು ಕೆಲಸ ಮಾಡ್ತಾರೆ. ದೊಡ್ಡ ಸಂಖ್ಯೆ ಹೇಳ್ತಾರೆ. ಹೃದಯದ ಆಪರೇಷನ್ ಆಗಿ ಬದುಕಿದ ಒಂದು ಮಗುವನ್ನ ವೇದಿಕೆಗೆ ಕರೀತಾರೆ. ಕೊನೆಗೆ, 'ಅವರು ಬಂದರೆ ಇದನ್ನ ನಿಲ್ಲಿಸ್ತಾರೆ' ಅಂತಾರೆ. ಯಾವ ಪಕ್ಷದ ಭಾಷಣ ಬೇಕಾದರೂ ತೆಗೆದು ನೋಡಿ, ಈ ಮೂರೂ ಸಿಗುತ್ತೆ.

ಇದೆಲ್ಲ ಬರೀ ಬೊಗಳೆ ಅಂತ ನಾನು ಹೇಳೋದಿಲ್ಲ. ಹಾಗೆ ಹೇಳಿದರೆ ತಪ್ಪಾಗುತ್ತೆ. ನಮ್ಮ ರಾಜ್ಯವನ್ನೇ ನೋಡಿ. 2003ರಲ್ಲಿ, ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಸಹಕಾರ ಸಂಘದ ರೈತರಿಗೆ ಯಶಸ್ವಿನಿ ಬಂತು. ತಿಂಗಳಿಗೆ 5 ರೂಪಾಯಿ ಲೆಕ್ಕ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು, ಮೊದಲು ಕಲಬುರಗಿ ಕಡೆಗೆ. ಆ ಯೋಜನೆ ಇದ್ದ ಊರು, ಇಲ್ಲದ ಅಕ್ಕಪಕ್ಕದ ಊರು ಎರಡನ್ನೂ ಹೋಲಿಸಿ ಮಾಡಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆ ಇದ್ದ ಕಡೆ, ಅದರಡಿ ಬರುವ ಕಾಯಿಲೆಗಳಿಂದ ಬಡವರ ಸಾವು ಗಣನೀಯವಾಗಿ ಕಡಿಮೆ ಇತ್ತು. ಕಾರ್ಡು ಜೀವ ಉಳಿಸುತ್ತೆ. ಅದು ನಿಜ.

ಹಾಗಾದರೆ ನನ್ನ ತಕರಾರು ಏನು? ಅದು ಹೇಳಬೇಕಾದರೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು.

2023ರ ಮೇ ಮೊದಲ ವಾರ. ನಮ್ಮ ವಿಧಾನಸಭೆ ಚುನಾವಣೆಗೆ ಕೆಲವೇ ದಿನ ಬಾಕಿ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಮೈಕ್ ಹಿಡಿದು ನಿಂತಿದ್ದೆ. ಬಸ್ ಸ್ಟ್ಯಾಂಡ್ ಪಕ್ಕ ಒಂದು ಟೀ ಅಂಗಡಿ, ನಡೆಸ್ತಿದ್ದವರು ಐವತ್ತೈದರ ಆಸುಪಾಸಿನ ಒಬ್ಬ ಅಮ್ಮ. ಯಾರಿಗೆ ಅಮ್ಮಾ ಓಟು ಅಂತ ಕೇಳಿದೆ. 'ಇನ್ನೂ ಯೋಚ್ನೆ ಮಾಡಿಲ್ಲ ಕಣಪ್ಪಾ' ಅಂದರು. ಬಿಸ್ಕತ್ ಡಬ್ಬಿಯಿಂದ ಲ್ಯಾಮಿನೇಷನ್ ಮಾಡಿಸಿದ ಆಯುಷ್ಮಾನ್ ಕಾರ್ಡ್ ತೆಗೆದು ತೋರಿಸಿದರು. ಆಮೇಲೆ ಹೇಳಿದರು, 'ಆಪರೇಷನ್‌ಗೆ ಐದು ಲಕ್ಷ ಕೊಡ್ತಾರಂತೆ. ನಂಗ್ಯಾಕಪ್ಪಾ ಆಪರೇಷನ್ನು? ನಮ್ಮ್ ಯಜಮಾನ್ರಿಗೆ ಶುಗರ್ ಐತೆ. ಸರ್ಕಾರಿ ಆಸ್ಪತ್ರೇಲಿ ಒಂದು ತಿಂಗ್ಳು ಮಾತ್ರೆ ಇರ್ತದೆ, ಇನ್ನೊಂದು ತಿಂಗ್ಳು ಹೊರಗಡೆ ತಗಳ್ಳಿ ಅಂತಾರೆ. ಅಂಗಡಿ ಬಿಟ್ಟು ಕ್ಯೂ ನಿಂತ್ರೆ ಅವತ್ತಿನ ವ್ಯಾಪಾರ ಹೋಯ್ತು. ಐವತ್ತು ರೂಪಾಯಿ ಮಾತ್ರೆ ಶೀಟಿಗೆ ಯಾರು ಕೊಡ್ತಾರೆ, ಅವ್ರ್ ಹೆಸ್ರು ಹೇಳು, ಅವ್ರಿಗೆ ಹಾಕ್ತೀನಿ.'

ನಲವತ್ತು ಸೆಕೆಂಡಿನ ಮಾತು. ಅವತ್ತು ರಾತ್ರಿಯ ಕಾರ್ಯಕ್ರಮಕ್ಕೆ ನಾವು ಗ್ರಾಫಿಕ್ಸ್ ಪ್ಲೇಟ್ ರೆಡಿ ಮಾಡಿಸಿದ್ವಿ, 'ಯಾರ ಭರವಸೆ ದೊಡ್ಡದು?' ಅಂತ. ಒಂದು ಕಡೆ ಬಿಜೆಪಿ: ಮಹಾನಗರ ಪಾಲಿಕೆಗಳ ಪ್ರತಿ ವಾರ್ಡಿಗೂ ನಮ್ಮ ಕ್ಲಿನಿಕ್, ಹಿರಿಯರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ. ಇನ್ನೊಂದು ಕಡೆ ಜೆಡಿಎಸ್ ಪಂಚರತ್ನ: ಪ್ರತಿ ಗ್ರಾಮ ಪಂಚಾಯಿತಿಗೂ 30 ಹಾಸಿಗೆ ಆಸ್ಪತ್ರೆ. ಕಾಂಗ್ರೆಸ್‌ನ ಐದು ಗ್ಯಾರಂಟಿಗಳಲ್ಲಿ ಆರೋಗ್ಯದ್ದು ಒಂದೂ ಇರಲಿಲ್ಲ, ಅದನ್ನೂ ಹಾಕಿದ್ವಿ. ಆ ಅಮ್ಮನ ಮಾತು ಈ ಪ್ಲೇಟಿನ ಯಾವ ಕಾಲಮ್ಮಿಗೂ ಹೊಂದಲಿಲ್ಲ. ಕಟ್ ಮಾಡಿ ಅಂತ ಹೇಳಿದವನು ನಾನೇ.

ನಾನು ಓದಿದ್ದು ಎಂಜಿನಿಯರಿಂಗ್. ಮಾಡ್ತಿರೋದು ಈ ಕೆಲಸ. ಆದರೂ ಅವತ್ತು ಒಂದು ಸಣ್ಣ ಗುಣಾಕಾರ ಮಾಡಬೇಕಿತ್ತು, ಮಾಡಲಿಲ್ಲ. ನಮ್ಮ ರಾಜ್ಯದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿ ಇವೆ. ತಲಾ 30 ಹಾಸಿಗೆ ಅಂದರೆ 1 ಲಕ್ಷದ 80 ಸಾವಿರ ಹಾಸಿಗೆ. ದಿನದ 24 ಗಂಟೆ ಒಬ್ಬ ಡಾಕ್ಟರ್ ಇರಬೇಕು ಅಂದರೆ ಮೂರು ಪಾಳಿ, ಅಂದರೆ 18 ಸಾವಿರ ಡಾಕ್ಟರ್. ವಾರದ ರಜೆ ಸೇರಿಸಿಲ್ಲ. ನರ್ಸ್, ಲ್ಯಾಬ್ ಸೇರಿಸಿಲ್ಲ. ಇಷ್ಟು ಜನ ಎಲ್ಲಿಂದ ಬರ್ತಾರೆ ಸಾರ್ ಅಂತ ನಾನು ಯಾವ ನಾಯಕರನ್ನೂ ಕೇಳಲಿಲ್ಲ. ಯಾರ ಸಂಖ್ಯೆ ದೊಡ್ಡದು ಅಂತ ಮಾತ್ರ ಕೇಳಿದೆ.

ಲಕ್ಷಗಳ ಲೆಕ್ಕವೂ ಹೀಗೇ. ನಮ್ಮ ರೈತರಿಗೆ ಇದು ಬೇಗ ಅರ್ಥವಾಗುತ್ತೆ. ಬೋರ್‌ವೆಲ್‌ಗೆ 5 ಎಚ್‌ಪಿ ಮೋಟಾರ್ ಇಳಿಸಿದ್ದೀರಿ, ನೀರು ಬರ್ತಿಲ್ಲ. ಯಾರೋ ಬಂದು 10 ಎಚ್‌ಪಿ ಕೊಡಿಸ್ತೀನಿ ಅಂತಾನೆ. ಇನ್ನೊಬ್ಬ 25 ಎಚ್‌ಪಿ ಅಂತಾನೆ. ಬೋರ್‌ನಲ್ಲಿ ನೀರೇ ಇಲ್ಲದಿದ್ದರೆ? ಕಾರ್ಡಿನ ಮೇಲಿನ 5 ಲಕ್ಷ ನಿಮ್ಮ ಖಾತೆಗೆ ಬರೋ ದುಡ್ಡಲ್ಲ. ಅದು ಒಂದು ಕುಟುಂಬಕ್ಕೆ ಒಂದು ವರ್ಷದ ಗರಿಷ್ಠ ಮಿತಿ. ಅದನ್ನ 50 ಲಕ್ಷ ಮಾಡಿದರೂ ನಿಮ್ಮ ತಾಲ್ಲೂಕಿನಲ್ಲಿ ತಜ್ಞ ವೈದ್ಯ ಇಲ್ಲ ಅಂದರೆ ಇಲ್ಲ.

ಇನ್ನೂ ಒಂದು ಮಾತು. ಆಯುಷ್ಮಾನ್ ಭಾರತ್ ಇರೋದು ಆಸ್ಪತ್ರೆಗೆ ದಾಖಲಾದವರಿಗೆ. ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯಾದ ಮೇಲೆ 15 ದಿನದ ಖರ್ಚು ಸೇರುತ್ತೆ. ದಾಖಲಾಗದೇ, ತಿಂಗಳು ತಿಂಗಳು ತಗೊಳ್ಳೋ ಬಿಪಿ, ಶುಗರ್ ಮಾತ್ರೆಗೆ ಆ ಕಾರ್ಡು ದುಡ್ಡು ಕೊಡೋದಿಲ್ಲ. ನಮ್ಮಲ್ಲಿ ಎಪಿಎಲ್ ಕುಟುಂಬಗಳಿಗಂತೂ ಪ್ಯಾಕೇಜ್ ದರದ ಶೇಕಡ 30 ಮಾತ್ರ ಸರ್ಕಾರ ಕೊಡೋದು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಭಾಷಣದಲ್ಲಿ ಈ ಸಾಲು ಎಂದಾದರೂ ಕೇಳಿದ್ದೀರಾ? ಕೇಂದ್ರ ಸರ್ಕಾರದ್ದೇ ಲೆಕ್ಕ ಹೇಳುತ್ತೆ, ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಜೇಬಿನಿಂದ ಕೊಡೋದು 2013-14ರಲ್ಲಿ ಶೇಕಡ 64.2 ಇತ್ತು, 2021-22ಕ್ಕೆ 39.4ಕ್ಕೆ ಇಳಿದಿದೆ. ಒಳ್ಳೆಯದೇ. ಆದರೆ ಆ ವರ್ಷವೂ 100 ರೂಪಾಯಿಯಲ್ಲಿ 39 ರೂಪಾಯಿ ನಮ್ಮದೇ. ಹಾಗೆ ಹೋಗೋ ದುಡ್ಡಿನಲ್ಲಿ ಔಷಧಿಯದ್ದೇ ದೊಡ್ಡ ಪಾಲು.

ಹಾಗಾದರೆ ನಾಯಕರು ಮಾತ್ರೆಯ ಬಗ್ಗೆ ಯಾಕೆ ಮಾತಾಡೋದಿಲ್ಲ? ಮಾತ್ರೆಗೆ ಫೋಟೋ ಬರಲ್ಲ. ಸರಿಯಾಗಿ ಮಾತ್ರೆ ತಗೊಂಡು ಆಸ್ಪತ್ರೆಗೇ ಹೋಗದವನನ್ನ ವೇದಿಕೆಗೆ ಕರೆದು ಏನಂತ ತೋರಿಸ್ತೀರಿ? ದೆಹಲಿಯಲ್ಲಿ 2015ರಿಂದ ಮೊಹಲ್ಲಾ ಕ್ಲಿನಿಕ್ ಮಾಡಿದರು, ನಮ್ಮ ನಗರಗಳಲ್ಲಿ ಬೊಮ್ಮಾಯಿ ಕಾಲದಲ್ಲಿ ನಮ್ಮ ಕ್ಲಿನಿಕ್ ಬಂತು, 2024ರಲ್ಲಿ ಬಿಪಿ-ಶುಗರ್ ಇರೋರನ್ನ ಮನೆಬಾಗಿಲಲ್ಲೇ ತಪಾಸಣೆ ಮಾಡೋ ಗೃಹ ಆರೋಗ್ಯ ಕೋಲಾರದಲ್ಲಿ ಶುರುವಾಯಿತು. ಇವೆಲ್ಲ ಆ ಅಮ್ಮ ಕೇಳಿದ ದಾರಿಯಲ್ಲೇ ಇರೋ ಕೆಲಸ. ಆದರೆ ಮೊಹಲ್ಲಾ ಕ್ಲಿನಿಕ್ ಮಾಡಿದ ಪಕ್ಷವೇ 2025ರ ಪ್ರಚಾರದಲ್ಲಿ ಜೋರಾಗಿ ಸಂಜೀವನಿ ಅಂತ ಕೂಗಬೇಕಾಯಿತು.

ಮತ್ತೊಂದು ವಿಷಯವನ್ನ ನಾಯಕರು ಹೇಳೋದೇ ಇಲ್ಲ. ನಿಜವಾದ ಸುಧಾರಣೆ ಅಂದರೆ ಯಾರಿಗಾದರೂ ನೋವಾಗುತ್ತೆ. 2017ರಲ್ಲಿ ಆರೋಗ್ಯ ಸಚಿವರಾಗಿದ್ದ ರಮೇಶ್ ಕುಮಾರ್ ಖಾಸಗಿ ಆಸ್ಪತ್ರೆಗಳ ದರಕ್ಕೆ ಲಗಾಮು ಹಾಕೋ ಮಸೂದೆ ತಂದರು. ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರು ಮುಷ್ಕರಕ್ಕೆ ಇಳಿದರು, ರೋಗಿಗಳು ಪರದಾಡಿದರು, ಕೊನೆಗೆ ಮಸೂದೆ ಮೆತ್ತಗಾಗಿ ಪಾಸಾಯಿತು. ರಾಜಸ್ಥಾನದಲ್ಲಿ 2023ರ ಮಾರ್ಚ್‌ನಲ್ಲಿ ಆರೋಗ್ಯದ ಹಕ್ಕಿನ ಕಾಯ್ದೆ ಬಂದಾಗಲೂ ಇದೇ ಕಥೆ. ಅಲ್ಲಿ 50 ಲಕ್ಷದ ಭರವಸೆ ಕೊಟ್ಟ ಕಾಂಗ್ರೆಸ್‌ಗೆ ಸಿಕ್ಕಿದ್ದು 199ರಲ್ಲಿ 69 ಸೀಟು. ಸೋಲಿಗೆ ಕಾರಣ ಹತ್ತಾರು ಇರಬಹುದು. ಆದರೆ ಸಂಖ್ಯೆ ಹಿಗ್ಗಿಸಿದ ಮಾತ್ರಕ್ಕೆ ಮತದಾರ ಹಿಗ್ಗೋದಿಲ್ಲ ಅನ್ನೋದಂತೂ ಗೊತ್ತಾಯಿತು.

ಈಗ ಆ ಅಮ್ಮನ ವಿಷಯಕ್ಕೆ ಬರ್ತೀನಿ. ಕಳೆದ ತಿಂಗಳು ಅದೇ ಊರಿನ ಮೇಲೆ ಹೋಗ್ತಿದ್ದೆ. ಗಾಡಿ ನಿಲ್ಲಿಸಿದೆ. ಅಂಗಡಿ ಇತ್ತು, ಅಮ್ಮನೂ ಇದ್ದರು. ಒಳಗೆ ಸ್ಟೂಲ್ ಮೇಲೆ ಯಜಮಾನರು ಕೂತಿದ್ದರು, ಬಲಗಾಲಿಗೆ ಬ್ಯಾಂಡೇಜ್. ಶುಗರ್ ಏರಿ, ಗಾಯ ಮಾಯದೇ, ಮೂರು ಬೆರಳು ತೆಗೆದಿದ್ದಾರೆ. ಆ ಅಮ್ಮ ದೂರಲಿಲ್ಲ. ಟೀ ಕೊಡ್ತಾ ಹೇಳಿದರು, 'ಕಾರ್ಡ್ ಇತ್ತಲ್ಲಪ್ಪಾ, ಆಪರೇಷನ್‌ಗೆ ಒಂದ್ ರೂಪಾಯಿನೂ ತಗಳ್ಳಿಲ್ಲ.'

ಆ ಮಾತನ್ನ ಅವರು ಸಂತೋಷವಾಗೇ ಹೇಳಿದರು. ನನಗೆ ಟೀ ಕುಡಿಯೋಕೆ ಆಗಲಿಲ್ಲ. ಮಾತ್ರೆಗೆ ಆಗದ ಕಾರ್ಡು ಬೆರಳು ತೆಗೆಯೋಕೆ ಆಯಿತು.

ಮುಂದಿನ ಚುನಾವಣೆಗೆ ನಿಮ್ಮ ಮನೆ ಬಾಗಿಲಿಗೆ ಬಂದವರನ್ನ, ಯಾವ ಪಕ್ಷದವರೇ ಆಗಲಿ, ಮೂರು ಪ್ರಶ್ನೆ ಕೇಳಿ. ಆಸ್ಪತ್ರೆ ಸೇರದೇ ಇರೋ ಹಾಗೆ ನೋಡಿಕೊಳ್ಳೋಕೆ ಏನು ಕೊಡ್ತೀರಿ? ನಮ್ಮೂರ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಮತ್ತು ಮಾತ್ರೆ, ಎರಡೂ ಒಂದೇ ದಿನ ಇರುತ್ತಾ? ಇದಕ್ಕೆ ದುಡ್ಡು ಯಾವ ಬಾಬ್ತಿನಿಂದ ತರ್ತೀರಿ? ಉತ್ತರ ಕೊಡೋರಿದ್ದರೆ ಅವರನ್ನ ನನ್ನ ಸ್ಟುಡಿಯೋಗೂ ಕಳಿಸಿ. ಪ್ಲೇಟಿನಲ್ಲಿ ಅವರಿಗೊಂದು ಕಾಲಮ್ ಮಾಡಿಸ್ತೀನಿ.

ಹೋಗೋ ಮುಂಚೆ, ಅವತ್ತು ನಾನು ಕಟ್ ಮಾಡಿಸಿದ ಆ ನಲವತ್ತು ಸೆಕೆಂಡ್ ಹಾರ್ಡ್ ಡಿಸ್ಕ್‌ನಲ್ಲಿ ಹಾಗೇ ಇತ್ತು. ಅಮ್ಮನನ್ನ ಕೇಳಿದೆ, 'ಹಾಕಪ್ಪಾ, ಯಾರಾದ್ರೂ ಕೇಳ್ಲಿ' ಅಂದರು. ವರ್ಷಗಳೇ ತಡವಾಗಿದೆ. ಈಗ ನೋಡಿ.