ಅಳತೆ ತಪ್ಪಿದ ಗಾಲಿಕುರ್ಚಿ ಆಸರೆಯಾಗಲಾರದು

(ಆಂಟಾಪ್ ಹಿಲ್‌ನಲ್ಲಿ ರವಿವಾರ ಸೇರಿದ್ದ ಕೆಲಸಗಾರರ ಹಾಗೂ ಅವರ ಮನೆಯವರ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ಬೋನಸು, ರಜೆಗಳ ಮಾತು ಈಗಾಗಲೇ ಆಗಿದೆ. ನನಗೆ ಒಪ್ಪಿಸಿದ ವಿಷಯ ಗಾಲಿಕುರ್ಚಿ. ಇದೇನು ಸಂಘದಲ್ಲಿ ಮಾತಾಡುವ ವಿಷಯವೇ ಎಂದು ಕೆಲವರಿಗೆ ಅನಿಸಬಹುದು. ಅಟ್ಟದಿಂದ ಅಕ್ಕಿಮೂಟೆ ಇಳಿಸುವಾಗ ಬಿದ್ದು ಬೆನ್ನು ಮುರಿದುಕೊಂಡವನು, ಸಕ್ಕರೆ ಕಾಯಿಲೆಯಿಂದ ಕಾಲು ಕಳಕೊಂಡವನು, 1982ರ ಮುಷ್ಕರದ ತರುವಾಯ ಕೆಲಸವಿಲ್ಲದೆ ಮನೆ ಸೇರಿ ಈಗ ಪಾರ್ಶ್ವವಾಯು ಬಡಿದು ಮೂಲೆ ಹಿಡಿದಿರುವ ಹಳೆಯ ಗಿರಣಿ ಕೆಲಸಗಾರ, ಇವರಲ್ಲಿ ಯಾರು ನಮಗೆ ಹೊರಗಿನವರು? ಆದುದರಿಂದ ಇದು ಸಂಘದ ವಿಷಯವೇ ಸರಿ.

ನಮ್ಮಲ್ಲಿ ಒಂದು ಪದ್ಧತಿ ಬೆಳೆದಿದೆ. ವಾರ್ಷಿಕೋತ್ಸವದ ದಿನ ದಾನಿಗಳ ಕೈಯಿಂದ ಗಾಲಿಕುರ್ಚಿ ಕೊಡಿಸುವುದು, ಹಾರ, ಶಾಲು, ಫೋಟೋ. ಉದ್ದೇಶ ಒಳ್ಳೆಯದೇ. ಆದರೆ ಕುರ್ಚಿ ಮನೆಗೆ ಹೋದ ಮೇಲೆ ಏನಾಯಿತೆಂದು ಕೇಳುವವರು ಕಡಿಮೆ. ಇದೇ ಗುಡ್ಡದ ಮಗ್ಗುಲಿನ ಒಂದು ಖೋಲಿಯಲ್ಲಿ ನಮ್ಮ ಬಂಧುವೊಬ್ಬರಿದ್ದಾರೆ. ಕುಂದಾಪುರದ ಕಡೆಯವರು, ದೋಸೆಕಲ್ಲಿನ ಮುಂದೆ ಬಹಳ ವರ್ಷ ನಿಂತವರು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶವಿಲ್ಲ. ಅವರಿಗೆ ಸಿಕ್ಕಿದ್ದು ಆಸ್ಪತ್ರೆಗಳಲ್ಲಿ ಕಾಣುವಂಥ, 18 ಇಂಚು ಅಗಲದ, ಫಳಫಳ ಹೊಳೆಯುವ ಹೊಸ ಕುರ್ಚಿ. ಮನುಷ್ಯ ಕಡ್ಡಿಯಂತೆ, ಸೊಂಟದ ಅಗಲ 14 ಇಂಚು. ಎರಡೂ ಪಕ್ಕ ಖಾಲಿಯಾದ್ದರಿಂದ ಒಂದೇ ಕಡೆಗೆ ವಾಲಿ ಕುಳಿತರು. ಕೆಳಗೆ ದಿಂಬಿಲ್ಲ. ಮೂರು ತಿಂಗಳಲ್ಲಿ ಕುಂಡೆಯ ಎಲುಬಿನ ಮೇಲೆ ರೂಪಾಯಿಯಗಲದ ಹುಣ್ಣು. ನೋವೇ ತಿಳಿಯದ ಜಾಗ, ಗೊತ್ತಾಗುವಷ್ಟರಲ್ಲಿ ಆಳಕ್ಕೆ ಇಳಿದಿತ್ತು. ಅವರ ಮನೆಯವರು ನನಗೆ ಹೇಳಿದ್ದು ಇಷ್ಟೇ: "ಅಣ್ಣಾ, ಕುರ್ಚಿ ಬಂದ ಮೇಲೆ ಇವರು ಕುಳಿತದ್ದಕ್ಕಿಂತ ಆಸ್ಪತ್ರೆಯಲ್ಲಿ ಮಲಗಿದ್ದೇ ಹೆಚ್ಚು."

ಇಂತಹ ಹುಣ್ಣು ಸಣ್ಣದಲ್ಲ. ಕೀವು ಎಲುಬಿಗೂ ರಕ್ತಕ್ಕೂ ಇಳಿದರೆ ಜೀವಕ್ಕೇ ಅಪಾಯ. ಒಲೆಯ ಕಟ್ಟೆ ನಾಲ್ಕು ಬೆರಳು ಎತ್ತರವಾದರೆ ಸಂಜೆಯ ಹೊತ್ತಿಗೆ ಭುಜ ಸತ್ತುಹೋಗುತ್ತದೆಂದು ದೋಸೆ ಹೊಯ್ಯುವ ಎಲ್ಲರಿಗೂ ಗೊತ್ತು. ಹತ್ತು ತಾಸು ನಿಲ್ಲುವ ಕಟ್ಟೆಗೇ ಅಳತೆ ಬೇಕಾದರೆ, ಇಡೀ ದಿನ ಕುಳಿತಿರುವ ಕುರ್ಚಿಗೆ ಬೇಡವೇ?

ಇನ್ನು ಅಳತೆಯ ವಿಚಾರ. ದರ್ಜಿಯ ಟೇಪು ಒಂದಿದ್ದರೆ ಸಾಕು. ಮನುಷ್ಯನನ್ನು ಗಟ್ಟಿ ಹಲಗೆಯ ಮೇಲೆ ನೆಟ್ಟಗೆ ಕುಳ್ಳಿರಿಸಿರಿ.

ಮೊದಲು ಅಗಲ. ಸೊಂಟದ ಅಗಲ ಎಷ್ಟೋ ಕುರ್ಚಿಯ ಅಗಲವೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಪಕ್ಕದಲ್ಲಿ ಒಂದು ಬೆರಳು ನುಗ್ಗಿದರೆ ಸರಿ, ಮುಷ್ಟಿ ನುಗ್ಗಿದರೆ ತಪ್ಪು. ಅಗಲ ಕುರ್ಚಿ ನಮ್ಮ ಖೋಲಿಯ ಬಾಗಿಲಲ್ಲಿಯೂ ಹಿಡಿಯದು.

ಎರಡನೆಯದು ಆಳ. ಬೆನ್ನನ್ನು ಪೂರ್ತಿ ಹಿಂದಕ್ಕೆ ಒರಗಿಸಿ ಕುಳಿತಾಗ, ಮೊಣಕಾಲಿನ ಹಿಂಭಾಗಕ್ಕೂ ಆಸನದ ಅಂಚಿಗೂ ನಡುವೆ ಎರಡು ಬೆರಳು ಸಂದು ಇರಬೇಕು. ಆಳ ಹೆಚ್ಚಾದರೆ ಮುಂದಕ್ಕೆ ಜಾರುತ್ತಾನೆ. ಕಡಿಮೆಯಾದರೆ ತೊಡೆಗೆ ಆಧಾರವಿಲ್ಲದೆ ಭಾರವೆಲ್ಲ ಕುಂಡೆಯ ಮೇಲೆ ಬೀಳುತ್ತದೆ.

ಮೂರನೆಯದು ಕಾಲಿಡುವ ಹಲಗೆ. ಪಾದ ಪೂರ್ತಿ ಊರಿರಬೇಕು, ತೊಡೆ ದಿಂಬಿಗೆ ಸಮನಾಗಿ ತಾಗಿರಬೇಕು. ಹಲಗೆ ಮೇಲಾದರೆ ಮೊಣಕಾಲು ಎದ್ದು ಭಾರ ಹಿಂದಕ್ಕೆ ಹೋಗುತ್ತದೆ. ಕೆಳಗಾದರೆ ಕಾಲು ಜೋತಾಡುತ್ತದೆ, ರಸ್ತೆಯ ಉಬ್ಬಿಗೆ ಹಲಗೆಯೂ ತಾಗುತ್ತದೆ. ಬಹಳ ಕುರ್ಚಿಗಳಲ್ಲಿ ಪಾನಾದಿಂದ ಒಂದು ನಟ್ಟು ಸಡಿಲಿಸಿದರೆ ಇದನ್ನು ಏರಿಸಿ ಇಳಿಸಬಹುದು. ಅಷ್ಟನ್ನೂ ಯಾರೂ ಮಾಡಿಕೊಡುವುದಿಲ್ಲ ಎಂಬುದೇ ದುಃಖ.

ನಾಲ್ಕನೆಯದು ದೊಡ್ಡ ಚಕ್ರ. ಕೈಬಳೆಯ ತುದಿಯನ್ನು ಹಿಡಿದಾಗ ಮೊಣಕೈ ಹೆಚ್ಚುಕಡಿಮೆ ಮೂಲೆಮಟ್ಟವಾಗಿ ಮಡಚಿರಬೇಕು. ಚಕ್ರ ಬಹಳ ಹಿಂದಿದ್ದರೆ ಭುಜ ಸವೆಯುತ್ತದೆ; ಮುಂದಿದ್ದರೆ ನೂಕಲು ಹಗುರ, ಆದರೆ ಕುರ್ಚಿ ಹಿಂದಕ್ಕೆ ಮಗುಚಬಹುದು. ಎರಡೂ ಕಾಲು ಕಳಕೊಂಡವರಿಗೆ ಮುಂಭಾಗದ ಭಾರವೇ ಇಲ್ಲವಾದ್ದರಿಂದ ಈ ಅಪಾಯ ಇಮ್ಮಡಿ. ಅವರ ಚಕ್ರ ಇನ್ನಷ್ಟು ಹಿಂದಕ್ಕಿರಬೇಕು. ಚಕ್ರದ ಜಾಗ ಬದಲಿಸಿದ ದಿನ ಹಿಂದೆ ಒಬ್ಬರು ನಿಂತೇ ಇರಬೇಕು.

ಇವೆಲ್ಲವನ್ನೂ ದಿಂಬು ಹಾಕಿಯೇ ನೋಡತಕ್ಕದ್ದು. ದಿಂಬೆಂದರೆ ಹಾಸಿಗೆಯ ಹತ್ತಿಯ ಗಂಟಲ್ಲ, ನಡುವೆ ತೂತಿನ ಬಳೆಯಂಥದ್ದಂತೂ ಕೂಡದು. ಒತ್ತಡ ತಡೆಯಲೆಂದೇ ಮಾಡಿದ ಸ್ಪಂಜಿನದೋ ಗಾಳಿಯದೋ ಆಗಿರಬೇಕು. ಅದನ್ನು ಪರೀಕ್ಷಿಸಲು ಯಂತ್ರವೂ ಬೇಡ. ಕುಳಿತವನ ಕುಂಡೆಯ ಎಲುಬಿನ ಕೆಳಗೆ, ದಿಂಬಿನ ಮೇಲೆ, ಅಂಗೈ ಮೇಲಾಗಿ ಬೆರಳು ತೂರಿಸಿರಿ. ಬೆರಳ ತುದಿ ಮೇಲೆ ಕೆಳಗೆ ಆಡಿದರೆ ಸರಿ. ಆಡದೆ, ಎಳೆದರೆ ಮಾತ್ರ ಬಂದರೆ ಎಚ್ಚರಿಕೆ. ಬೆರಳು ಸಿಕ್ಕಿಕೊಂಡು ಚಿವುಟಿದಂತಾದರೆ ಆ ದಿಂಬು ಬೇಡ.

ದಿಂಬು ಎಷ್ಟೇ ಒಳ್ಳೆಯದಿರಲಿ, ಅರ್ಧ ಗಂಟೆಗೊಮ್ಮೆ ಒಂದೆರಡು ನಿಮಿಷ ಮುಂದಕ್ಕೆ ಬಾಗಿಯೋ, ಪಕ್ಕಕ್ಕೆ ವಾಲಿಯೋ ಭಾರ ತೆಗೆಯಬೇಕು. ರಾತ್ರಿ ಮಲಗುವ ಮೊದಲು ಮನೆಯವರು ಕುಂಡೆ, ಬಾಲದೆಲುಬು, ಹಿಮ್ಮಡಿ ನೋಡಬೇಕು. ಚರ್ಮದ ಬಣ್ಣ ಕೆಂಪಗೋ ಕಪ್ಪಗೋ ಆಗಿ, ಒತ್ತಡ ತೆಗೆದ ಮೇಲೂ ಹಾಗೆಯೇ ಉಳಿದರೆ, ಅದು ಆರುವ ತನಕ ಆ ಜಾಗದ ಮೇಲೆ ಕುಳಿತುಕೊಳ್ಳಕೂಡದು; ವೈದ್ಯರಿಗೂ ತೋರಿಸಬೇಕು.

ಈಗ ನಡೆಸುವ ರೀತಿ. ಬ್ರೇಕು ಕುರ್ಚಿಯನ್ನು ನಿಲ್ಲಿಸಿಡಲಿಕ್ಕೆ. ಇಳಿಜಾರಿನಲ್ಲಿ ವೇಗ ತಗ್ಗಿಸಲಿಕ್ಕಲ್ಲ. ಏರುವಾಗ ಇಳಿಯುವಾಗ ಎರಡೂ ಬ್ರೇಕು ಬಿಗಿದು, ಕಾಲಿನ ಹಲಗೆ ಮಡಚಬೇಕು. ಹಲಗೆಯ ಮೇಲೆ ನಿಂತರೆ ಕುರ್ಚಿ ಮುಂದಕ್ಕೆ ಮಗುಚುವುದು ಖಂಡಿತ. ಬ್ರೇಕು ಹಿಡಿಯುವುದು ಟಯರನ್ನು ಒತ್ತಿ. ಗಾಳಿ ಇಳಿದರೆ ಬ್ರೇಕೂ ಇಲ್ಲ. ಸೈಕಲ್ ಅಂಗಡಿಯವನಿಂದ ವಾರಕ್ಕೊಮ್ಮೆ ಗಾಳಿ ತುಂಬಿಸಿರಿ, ಸಡಿಲಾದ ಕಡ್ಡಿ ಬಿಗಿಸಿರಿ. ಮುಂದಿನ ಸಣ್ಣ ಗಾಲಿಗೆ ಸುತ್ತಿದ ಕೂದಲು, ನೂಲು ತೆಗೆಯಿರಿ. ನೂಲು ಸುತ್ತಿದ ಚಕ್ರ ಹೇಗೆ ನಿಲ್ಲುತ್ತದೆಂದು ಗಿರಣಿಯವರಿಗೆ ನಾನು ಹೇಳಬೇಕಾಗಿಲ್ಲ. ಮಳೆಯಲ್ಲಿ ನೆನೆದರೆ ಒರೆಸಿ ಎಣ್ಣೆ ಬಿಡಿರಿ. ಕೂರುವ ಬಟ್ಟೆ ಜೋಲಿಯಂತೆ ಇಳಿದರೆ ಬದಲಿಸಿರಿ.

ರೇಶನ್ನಿನ ಚೀಲವನ್ನು ಹಿಂದಿನ ಹಿಡಿಗೆ ತೂಗುಹಾಕುವ ರೂಢಿ ಕಂಡಿದ್ದೇನೆ. ಏರಿನಲ್ಲಿ ಆ ಚೀಲವೇ ಕುರ್ಚಿಯನ್ನು ಹಿಂದಕ್ಕೆ ಕೆಡವುತ್ತದೆ. ನಮ್ಮದು ಹೆಸರಿಗೇ ಗುಡ್ಡ. ಏರುವಾಗ ಕುಳಿತವನು ಮುಂದಕ್ಕೆ ಬಾಗಲಿ. ಕಡಿದಾದ ಇಳಿಜಾರಿನಲ್ಲಿ ನೂಕುವವನು ತಾನು ಕೆಳಗಿದ್ದು, ಹಿಂದೆ ನೋಡುತ್ತಾ, ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಲಿ. ಪುಟ್‌ಪಾಥಿನಿಂದ ಇಳಿಯುವುದೂ ಹಾಗೆಯೇ, ದೊಡ್ಡ ಚಕ್ರ ಮೊದಲು, ಮೆಲ್ಲಗೆ. ಹತ್ತುವಾಗ ಹಿಂದಿನ ಕೊಳವೆಯನ್ನು ಕಾಲಿನಿಂದ ಮೆಟ್ಟಿ, ಮುಂದಿನ ಗಾಲಿಗಳನ್ನು ಮೇಲಿಟ್ಟು, ಆಮೇಲೆ ನೂಕಬೇಕು. ಗಟಾರದ ಜಾಲರಿಯನ್ನು ಓರೆಯಾಗಿ ದಾಟಿರಿ. ನೇರ ಹೋದರೆ ಸಣ್ಣ ಗಾಲಿ ಸಂದಿಗೆ ಸಿಕ್ಕುತ್ತದೆ. ಮೆಟ್ಟಿಲಲ್ಲಿ ಎತ್ತುವಾಗ ಕಳಚಿ ಬರುವ ಕೈಯಾಸರೆಯನ್ನೂ ಕಾಲಿನ ಹಲಗೆಯನ್ನೂ ಹಿಡಿಯಕೂಡದು, ಚೌಕಟ್ಟನ್ನೇ ಹಿಡಿಯಬೇಕು.

ಇದೆಲ್ಲ ನನ್ನ ತಲೆಯಿಂದ ಹೊರಟ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ, ನಮ್ಮಂತಹ ಬಡ ನಾಡುಗಳನ್ನು ನೋಡಿಯೇ ಕೈಯಿಂದ ನಡೆಸುವ ಗಾಲಿಕುರ್ಚಿಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಕುರ್ಚಿ ಹಂಚುವುದು ಸಾಲದು. ಅಳತೆ, ಹೊಂದಿಸುವುದು, ಕಲಿಸುವುದು, ದುರಸ್ತಿ ಎಲ್ಲವೂ ಸೇರಿಯೇ ಸೇವೆ ಎಂಬುದು ಅದರ ಸಾರ. ಮಡಚುವ ಕುರ್ಚಿ ಹುಟ್ಟಿದ ಕಥೆಯೂ ಇದನ್ನೇ ಹೇಳುತ್ತದೆ. ಅಮೇರಿಕದ ಹರ್ಬರ್ಟ್ ಎವರೆಸ್ಟ್ ಎಂಬ ಗಣಿ ಇಂಜಿನಿಯರು ಗಣಿ ಅಪಘಾತದಲ್ಲಿ ನಡೆಯಲಾರದವನಾದ. ತನ್ನ ಭಾರದ ಕುರ್ಚಿ ಮೋಟಾರಿನಲ್ಲಿ ಹಿಡಿಯದೆಂದು, ಗೆಳೆಯ ಹ್ಯಾರಿ ಜೆನಿಂಗ್ಸ್‌ನೊಂದಿಗೆ ಸೇರಿ 1933ರ ಸುಮಾರಿಗೆ ಮಡಚುವ ಕುರ್ಚಿ ಮಾಡಿದ. ಕುಳಿತವನ ಅಗತ್ಯವನ್ನು ಕುಳಿತವನೇ ಬಲ್ಲ.

ಎಲ್ಲಿಗೆ ಹೋಗಬೇಕು? ಹತ್ತಿರದಲ್ಲಿ ಸಾಯನ್ ಆಸ್ಪತ್ರೆ ಇದೆ. ಹಾಜಿ ಅಲಿಯ ಬಳಿ 1955ರಲ್ಲಿ ಆರಂಭವಾದ ಕೇಂದ್ರ ಸರಕಾರದ ಪುನರ್ವಸತಿ ಸಂಸ್ಥೆ ಇದೆ. ಇ.ಎಸ್.ಐ. ಇದ್ದವರು ಅಲ್ಲಿಯೂ ಕೇಳಬೇಕು. ಸಾಧನ ಸಲಕರಣೆಗಾಗಿ ಕೇಂದ್ರದ 'ಎಡಿಪ್' ಯೋಜನೆ 1981ರಿಂದ ಇದೆ. ಅಂಗವೈಕಲ್ಯದ ಪ್ರಮಾಣಪತ್ರ, ಆದಾಯದ ದಾಖಲೆ ಸಿದ್ಧವಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾನೂನು, ಆದಾಯದ ಮಿತಿಯೊಳಗಿನವರಿಗೆ ಸಾಧನವನ್ನು ಉಚಿತವಾಗಿ ಕೊಡುವ ಯೋಜನೆ ಇರಬೇಕೆನ್ನುತ್ತದೆ. ಆದುದರಿಂದ ತಲೆತಗ್ಗಿಸಿ ಬೇಡಬೇಕಾಗಿಲ್ಲ. ನನಗೆ ಇಂಥ ಅಳತೆಯದು ಬೇಕು, ದಿಂಬು ಸಹಿತ ಬೇಕು ಎಂದು ಬಾಯಿಬಿಟ್ಟು ಕೇಳಿರಿ.

ಸಂಘದ ಮುಂದೆ ಮೂರು ಸೂಚನೆ ಇಡುತ್ತೇನೆ. ಒಂದು, ಅಳತೆ ತೆಗೆಯದೆ ಯಾರಿಗೂ ಕುರ್ಚಿ ಕೊಡಿಸಕೂಡದು. ಎರಡು, ದಿಂಬಿಲ್ಲದ ಕುರ್ಚಿಯನ್ನು ವೇದಿಕೆಗೆ ತರಕೂಡದು. ಮೂರು, ಕೊಟ್ಟು ಒಂದು ತಿಂಗಳಾದ ಮೇಲೆ ಇಬ್ಬರು ಸದಸ್ಯರು ಪಾನಾ, ಪಂಪು ಹಿಡಿದು ಆ ಮನೆಗೆ ಹೋಗಿ ಬರಬೇಕು. ಆ ಇಬ್ಬರಲ್ಲಿ ಒಬ್ಬನಾಗಿ ನನ್ನ ಹೆಸರು ಬರೆದುಕೊಳ್ಳಿರಿ. ಇನ್ನೊಂದು ಹೆಸರು ಈ ಸಭೆಯಿಂದಲೇ ಬರಲಿ.